ವಾರಸುದಾರರಿಲ್ಲದ ನೀರು

ಹೊಳೆ ಕೆಟ್ಟಿದೆ ಎಂದು ತಿಳಿಯಲು ನಮ್ಮ ಕಡೆ ಕಣ್ಣು, ಮೂಗು ಇದ್ದರೆ ಸಾಕು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಡಿಸೆಂಬರ್ ಅಂತ್ಯಕ್ಕೆ ನಿಲ್ಲುವವರೆಗೂ ಮಳೆಗಾಲದ ಭದ್ರೆ ಕೆಮ್ಮಣ್ಣಿನ ಹೂಳು ಹೊತ್ತು ಹರಿಯುತ್ತಿದ್ದುದನ್ನು ನೋಡಿದವರು ಇನ್ನೂ ಇದ್ದಾರೆ. ಬೆಂಗಳೂರಿನವರಿಗೆ ಬೆಳ್ಳಂದೂರು ಕೆರೆಯ ನೊರೆ ಗೊತ್ತು. ಮಲಿನ ನೀರೆಂದರೆ ಕದಡಿದ, ನಾರುವ, ಬಣ್ಣಗೆಟ್ಟ ನೀರು ಎಂಬುದು ನಮ್ಮ ಅನುಭವ. ಮೇಘಾಲಯದ ಪೂರ್ವ ಜೈಂತಿಯಾ ಬೆಟ್ಟಗಳಿಗೆ ಹೋದವನಿಗೆ ಈ ಅನುಭವ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಹಲವು ತೊರೆಗಳ ನೀರು ಕನ್ನಡಿಯಷ್ಟು ತಿಳಿ. ಎರಡಾಳು ಆಳದ ಮಡುವಿನಲ್ಲೂ ತಳದ ಕಲ್ಲುಗಳನ್ನು ಎಣಿಸಬಹುದು. ಆದರೆ ಆ ಕಲ್ಲುಗಳ ಮೇಲೆ ಪಾಚಿಯಿಲ್ಲ, ಸಂದಿನಲ್ಲಿ ಏಡಿಯಿಲ್ಲ, ದಡದಲ್ಲಿ ಕಪ್ಪೆಯ ಸದ್ದಿಲ್ಲ. ನೀರನ್ನು ಕದಡುವಂಥ ಜೀವ ಯಾವುದೂ ಅದರಲ್ಲಿ ಉಳಿಯದ ಕಾರಣದಿಂದಲೇ ಅದು ಅಷ್ಟು ತಿಳಿಯಾಗಿದೆ.

ಮೂರು ದಶಕ ಅಂತರ್ಜಲವನ್ನು ಅಳೆಯುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಕಳೆದ ಚಳಿಗಾಲ ಆ ಜಿಲ್ಲೆಯ ಒಂದು ಹಳ್ಳಿಯ ದೊರ್ಬಾರ್, ಎಂದರೆ ಅಲ್ಲಿನ ಸಾಂಪ್ರದಾಯಿಕ ಗ್ರಾಮಸಭೆ, ತನ್ನ ಎಲ್ಲೆಯೊಳಗಿನ ಪಾಳುಬಿದ್ದ ಕಲ್ಲಿದ್ದಲು ಗಣಿಯೊಂದರಿಂದ ಹೊರಬರುವ ನೀರನ್ನು ಯಾರಾದರೂ ಬಲ್ಲವರು ಪರೀಕ್ಷಿಸಬೇಕೆಂದು ಕೇಳಿಕೊಂಡಿತ್ತು. ಗುವಾಹಟಿಯ ತರುಣ ರಸಾಯನಶಾಸ್ತ್ರಜ್ಞನೊಬ್ಬ, ಒಬ್ಬ ಭೂಮಾಪಕ, ದಾರಿ ತೋರಲು ಹಾಗೂ ಮಾತು ತರ್ಜುಮೆ ಮಾಡಲು ಊರಿನದೇ ಒಬ್ಬ ಶಾಲಾ ಶಿಕ್ಷಕ, ಇವರ ಜೊತೆ ನಾನೂ ಸೇರಿಕೊಂಡೆ. ನಮ್ಮ ತಂಡಕ್ಕೆ ಸರ್ಕಾರದ ಅಧಿಕಾರವೇನೂ ಇರಲಿಲ್ಲ. ಹಳ್ಳಿಯ ಹೆಸರನ್ನಾಗಲಿ ಗಣಿಯ ಗುರುತನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಂಥ ಗಣಿಯ ಬಾಯಿಗಳ ಸಂಖ್ಯೆ ಆ ರಾಜ್ಯದಲ್ಲಿ ಇಪ್ಪತ್ತು ಸಾವಿರವನ್ನು ಮೀರುತ್ತದೆಂದು ನ್ಯಾಯಾಲಯಗಳಿಗೆ ಸಲ್ಲಿಕೆಯಾದ ವರದಿಗಳೇ ಹೇಳಿರುವಾಗ, ಒಂದರ ಹೆಸರು ಹೇಳಿ ಉಳಿದವನ್ನು ಬಿಟ್ಟರೆ ಅನ್ಯಾಯವಾದೀತು.

ಶಿಲ್ಲಾಂಗಿನಿಂದ ಜೋವಾಯ್ ದಾಟಿ ಸಿಲ್ಚಾರ್ ಕಡೆ ಹೋಗುವ ಹೆದ್ದಾರಿಯಲ್ಲಿ ಖ್ಲೀರಿಯಾತ್, ಲಾಡ್‌ರಿಂಬಾಯ್ ಎಂಬ ಊರುಗಳು ಸಿಗುತ್ತವೆ. ಅಲ್ಲಿಯವರೆಗೆ ಪೈನ್ ಮರಗಳ, ಗದ್ದೆಗಳ ಹಸಿರು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಕಪ್ಪು ಧೂಳು. ಕಲ್ಲಿದ್ದಲು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಝರಿಯಾ, ಸಿಂಗರೇಣಿಯಂಥ ದೊಡ್ಡ ಗಣಿಗಳು. ಜೈಂತಿಯಾದಲ್ಲಿ ಅಂಥದ್ದೇನೂ ಇಲ್ಲ. ಬೆಟ್ಟದ ನೆತ್ತಿಯಲ್ಲಿ ಬಾವಿಯಂತೆ ಚೌಕಾಕಾರದ ಗುಂಡಿ ತೋಡುತ್ತಾರೆ. ನೂರು, ಇನ್ನೂರು, ಕೆಲವೆಡೆ ಮುನ್ನೂರು ಅಡಿಗೂ ಮಿಕ್ಕಿ ಇಳಿದ ಮೇಲೆ ಕಲ್ಲಿದ್ದಲಿನ ಪದರ ಸಿಗುತ್ತದೆ. ಅದರ ದಪ್ಪವೋ, ಒಂದು ಅಡಿಯಿಂದ ಹೆಚ್ಚೆಂದರೆ ಐದಾರು ಅಡಿ. ಆ ಪದರವನ್ನೇ ಹಿಂಬಾಲಿಸಿ ಅಡ್ಡಡ್ಡಲಾಗಿ ಬಿಲ ಕೊರೆಯುತ್ತಾರೆ. ಮನುಷ್ಯ ಅದರೊಳಗೆ ಕುಳಿತು, ತೆವಳಿ, ಪಿಕಾಸಿಯಿಂದ ಕಲ್ಲಿದ್ದಲನ್ನು ಕಿತ್ತು, ಪುಟ್ಟ ತಳ್ಳುಗಾಡಿಯಲ್ಲಿ ಗುಂಡಿಯವರೆಗೆ ಎಳೆದು ತರಬೇಕು. ಇಲಿಬಿಲ ಗಣಿಗಾರಿಕೆ ಎಂಬ ಹೆಸರು ಬಂದದ್ದು ಹೀಗೆ. ಒಳಗೆ ಜಿನುಗುವ ನೀರನ್ನು ಪಂಪಿನಿಂದ ಎತ್ತಿ ಪಕ್ಕದ ತೊರೆಗೆ ಬಿಡುವುದು ಅಲ್ಲಿನ ರೂಢಿ. ಪದರ ಮುಗಿದ ದಿನ, ಅಥವಾ ನೀರು ಪಂಪಿಗೆ ಜಗ್ಗದ ದಿನ, ಗುಂಡಿಯನ್ನು ಹಾಗೇ ತೆರೆದಿಟ್ಟು ಮುಂದಿನ ಗುಂಡಿಗೆ ಹೋಗುತ್ತಾರೆ.

ಈ ಕಲ್ಲಿದ್ದಲಿನ ಗುಣವೂ ಬೇರೆ. ಜಾರ್ಖಂಡ್, ಛತ್ತೀಸ್‌ಗಢ, ತೆಲಂಗಾಣಗಳ ಗೊಂಡ್ವಾನಾ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದೆ ಸಿಹಿನೀರಿನ ಜೌಗಿನಲ್ಲಿ ಹುಟ್ಟಿದ್ದು. ಅದರಲ್ಲಿ ಬೂದಿ ಹೆಚ್ಚು, ಗಂಧಕ ಸಾಮಾನ್ಯವಾಗಿ ಶೇಕಡ ಒಂದಕ್ಕೂ ಕಡಿಮೆ. ಮೇಘಾಲಯದ್ದು ಸುಮಾರು ಐದು ಕೋಟಿ ವರ್ಷದ ಹಿಂದೆ, ಸಮುದ್ರ ಹಿಂದೆ ಮುಂದೆ ಸರಿದಾಡುತ್ತಿದ್ದ ಕರಾವಳಿಯ ಜೌಗಿನಲ್ಲಿ ರೂಪುಗೊಂಡದ್ದು. ಸಮುದ್ರದ ನೀರಿನಲ್ಲಿದ್ದ ಗಂಧಕ ಅದರೊಳಗೆ ಸೇರಿಕೊಂಡಿತು. ಹಾಗಾಗಿ ಇಲ್ಲಿ ಗಂಧಕದ ಪ್ರಮಾಣ ಶೇಕಡ 2ರಿಂದ 7ರವರೆಗೆ. ಅದರಲ್ಲಿ ಒಂದು ಪಾಲು ಪೈರೈಟ್ ರೂಪದಲ್ಲಿದೆ. ಹೊಳಪು ನೋಡಿ ಚಿನ್ನವೆಂದು ಜನ ಮೋಸಹೋಗುತ್ತಿದ್ದ ಖನಿಜ ಅದು. ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ನೆಲದೊಳಗೆ ಗಾಳಿ ತಾಗದೆ ಇರುವವರೆಗೆ ಅದರಷ್ಟು ಸಾಧು ಇನ್ನೊಂದಿಲ್ಲ.

ನಾವು ಕೊಂಡೊಯ್ದಿದ್ದ ತಪಾಸಣಾ ಪಟ್ಟಿ ದೊಡ್ಡ ಗಣಿಗಳಿಗಾಗಿ ಮಾಡಿದ್ದು. ಗಣಿ ಗುತ್ತಿಗೆದಾರರ ಹೆಸರು, ಪರವಾನಗಿ ಸಂಖ್ಯೆ, ಗಣಿ ವ್ಯವಸ್ಥಾಪಕರ ಅರ್ಹತಾ ಪತ್ರ, ಒಪ್ಪಿಗೆ ಪಡೆದ ಗಣಿ ನಕ್ಷೆ, ಮುಚ್ಚುವಿಕೆಯ ಯೋಜನೆ, ಅದಕ್ಕಾಗಿ ಇಟ್ಟ ಠೇವಣಿ: ಮೊದಲ ಪುಟ ಪೂರ್ತಿ ಇವೇ. ಶಿಕ್ಷಕರು ಪುಟವನ್ನು ಒಮ್ಮೆ ನೋಡಿ ನಕ್ಕು ಮಡಿಸಿ ನನ್ನ ಕೈಗೆ ಕೊಟ್ಟರು. ಎರಡನೇ ಪುಟದಲ್ಲಿ ನೀರಿನ ವಿಚಾರವಿತ್ತು. ಗುಂಡಿಯ ಸುತ್ತ ಮಳೆನೀರನ್ನು ಬೇರೆಡೆಗೆ ತಿರುಗಿಸುವ ಸುತ್ತುಗಾಲುವೆ ಇದೆಯೆ, ತೋಡಿ ಹಾಕಿದ ಮಣ್ಣಿನ ದಿಬ್ಬಕ್ಕೆ ತಡೆಗೋಡೆಯುಂಟೆ, ಹೊರಬಿಡುವ ಮುನ್ನ ನೀರು ನಿಂತು ತಿಳಿಯಾಗುವ ಕೊಳ ಎಲ್ಲಿದೆ, ಗುಂಡಿಯ ಬಾಯಿಗೆ ಬೇಲಿಯಿದೆಯೆ. ನಾಲ್ಕಕ್ಕೂ 'ಇಲ್ಲ' ಎಂದು ಬರೆಯಲು ನಮಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಗುಂಡಿಯ ಬಾಯಿ ಸುಮಾರು ಒಂದು ಸಣ್ಣ ಮನೆಯ ನಿವೇಶನದಷ್ಟಿತ್ತು. ಅಂಚಿನಲ್ಲಿ ತುಕ್ಕು ತಿಂದ ಕ್ರೇನಿನ ತೋಳು, ಬಳ್ಳಿ ಹಬ್ಬಿದ ಮರದ ಏಣಿಯ ಮೇಲಿನ ನಾಲ್ಕೈದು ಮೆಟ್ಟಿಲು. ಕೆಳಗೆ ಅಲುಗಾಡದ ನೀರು. ಗೋಡೆಯ ಬದಿಗೆ ದನವೊಂದು ಬಿದ್ದ ಗುರುತಿತ್ತು. ಒಳಗೆ ಇಳಿಯುವ ಪ್ರಶ್ನೆಯೇ ಇರಲಿಲ್ಲ. ಪಾಳು ಗಣಿಯ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೊರಗಿನಿಂದ ಹೇಳಲಾಗದು. ಇಳಿದವರು ಹತ್ತಿ ಬಾರದ ನಿದರ್ಶನಗಳು ಎಲ್ಲ ಗಣಿನಾಡುಗಳಲ್ಲೂ ಇವೆ. ನಮ್ಮ ಕೆಲಸವಿದ್ದದ್ದು ಬೆಟ್ಟದ ಕೆಳಗೆ. ನೀರಿನ ತಪಾಸಣೆಯನ್ನು ಗಣಿಯ ಬಾಯಿಯಿಂದ ಆರಂಭಿಸಬಾರದು, ಕಣಿವೆಯಿಂದ ಮೇಲಕ್ಕೆ ಹೋಗಬೇಕು. ಮೇಲೆ ನಿಂತ ನೀರು ಎಲ್ಲೋ ಒಂದೆಡೆ ದಾರಿ ಮಾಡಿಕೊಂಡಿರುತ್ತದೆ. ಆ ದಾರಿ ಹುಡುಕಲು ಭೂಮಾಪಕನಿಗೆ ಅರ್ಧ ದಿನ ಹಿಡಿಯಿತು. ಹಾಗೆ ನೋಡಿದರೆ ಹುಡುಕುವ ಅಗತ್ಯವೇ ಇರಲಿಲ್ಲ. ಜರೀಗಿಡಗಳ ನಡುವೆ ಕಿತ್ತಳೆ ಬಣ್ಣದ ಪಟ್ಟಿಯೊಂದು ಇಳಿಜಾರಿನಲ್ಲಿ ಅಷ್ಟು ದೂರಕ್ಕೇ ಕಾಣುತ್ತಿತ್ತು.

ಹಳೆಯ ಬಿಲವೊಂದು ಬೆಟ್ಟದ ಮಗ್ಗುಲನ್ನು ತೂತು ಮಾಡಿ ಹೊರಬಂದಿದ್ದ ಜಾಗ ಅದು. ಆ ತೂತಿನಿಂದ ನೀರು ಬಣ್ಣವಿಲ್ಲದೆ ಹೊರಡುತ್ತಿತ್ತು. ನಾಲ್ಕು ಹೆಜ್ಜೆ ಗಾಳಿಯಲ್ಲಿ ಹರಿದ ಮೇಲೆ ಕಲ್ಲುಗಳ ಮೇಲೆ ಕಿತ್ತಳೆ ಕೆಸರು ಕಟ್ಟಲು ಶುರುವಾಗುತ್ತಿತ್ತು. ಪಿಎಚ್ ಕಾಗದವನ್ನು ಅದ್ದಿದೊಡನೆ ಕೆಂಪಾಯಿತು. ಉಪಕರಣ ಮೂರಕ್ಕೂ ತುಸು ಕೆಳಗೆ ನಿಂತಿತು. ಶುದ್ಧ ನೀರಿನ ಪಿಎಚ್ ಏಳು. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲು ಇಳಿದಂತೆ ಆಮ್ಲ ಹತ್ತು ಪಟ್ಟು ಏರುತ್ತದೆ. ಎಂದರೆ ನಮ್ಮ ಕೈಲಿದ್ದ ನೀರು ಶುದ್ಧ ನೀರಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಆಮ್ಲೀಯ. ಹುಣಸೆಹಣ್ಣಿನ ಗಟ್ಟಿ ಗೊಜ್ಜಿನ ಹುಳಿಗೆ ಸಮೀಪ. ಕಲ್ಲಿದ್ದಲು ಗಣಿಯಿಂದ ಹೊರಬಿಡುವ ನೀರಿನ ಪಿಎಚ್ 5.5ರಿಂದ 9ರ ನಡುವೆ ಇರಬೇಕೆಂಬುದು ದೇಶದ ಕಾನೂನು. ಕುಡಿಯುವ ನೀರಿನದಾದರೆ 6.5ರಿಂದ 8.5.

ಹರಿವನ್ನು ಅಳೆಯಲು ನಾವು ನೆಚ್ಚಿಕೊಂಡದ್ದು ಪೇಂಟಿನ ಬಕೆಟ್ ಮತ್ತು ಕೈಗಡಿಯಾರವನ್ನು. ಇಪ್ಪತ್ತು ಲೀಟರಿನ ಬಕೆಟ್ ಹದಿನಾರು ಸೆಕೆಂಡಿಗೆ ತುಂಬಿತು. ಅದೇನು ಮಹಾ ಎನಿಸಬಹುದು. ಗುಣಿಸಿ ನೋಡಿ: ದಿನಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿ. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹದಿನೆಂಟು. ಇದು ಒಂದು ಗಣಿಯ ಒಂದು ತೂತಿನಿಂದ, ವರ್ಷದ ಅತಿ ಒಣ ತಿಂಗಳಲ್ಲಿ. ಮಾದರಿ ನೀರನ್ನು ಎರಡೆರಡು ಬಾಟಲಿಗಳಲ್ಲಿ ತುಂಬಿದೆವು. ಲೋಹಗಳ ಪರೀಕ್ಷೆಗೆ ಹೋಗುವ ಬಾಟಲಿಗೆ ಲೋಹಗಳು ತಳಕ್ಕೆ ಕೂರದಿರಲೆಂದು ಕೆಲವು ಹನಿ ನೈಟ್ರಿಕ್ ಆಮ್ಲ ಹಾಕುವುದು ಕ್ರಮ. ಈ ನೀರಿಗೆ ಅದರ ಅಗತ್ಯವಿದೆಯೇ ಎಂದು ತರುಣ ಕೇಳಿದ. ನಿಯಮ ನಿಯಮವೇ, ಹಾಕಿದೆವು.

ನೀರು ಹೀಗಾಗುವ ಬಗೆ ತಿಳಿಯದೆ ಈ ಗಣಿಗಳ ಸಮಸ್ಯೆ ಅರ್ಥವಾಗುವುದಿಲ್ಲ. ಬಿಲ ಕೊರೆದಾಗ ಕೋಟ್ಯಂತರ ವರ್ಷ ಮುಚ್ಚಿಕೊಂಡಿದ್ದ ಪೈರೈಟ್‌ಗೆ ಮೊದಲ ಬಾರಿ ಗಾಳಿ, ನೀರು ಎರಡೂ ತಾಗುತ್ತವೆ. ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಅಷ್ಟಕ್ಕೆ ಬಿಟ್ಟರೆ ಈ ಕ್ರಿಯೆ ನಿಧಾನವಾಗಿ ನಡೆಯುವಂಥದ್ದು. ಆದರೆ ಆಮ್ಲದಲ್ಲೇ ಬದುಕುವ, ಕಬ್ಬಿಣದಿಂದಲೇ ಜೀವಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳಿವೆ. ಅವು ಸೇರಿಕೊಂಡರೆ ವೇಗ ಹಲವು ಪಟ್ಟು ಹೆಚ್ಚುತ್ತದೆ. ಹಾಗೆ ಬದಲಾದ ಕಬ್ಬಿಣ ತಿರುಗಿ ಮತ್ತಷ್ಟು ಪೈರೈಟನ್ನು ಕರಗಿಸುತ್ತದೆ. ಬೆಂಕಿ ತಾನೇ ಸೌದೆ ಒಟ್ಟಿಕೊಂಡ ಹಾಗೆ. ಆಮ್ಲ ಬಂಡೆಗಳಿಂದ ಅಲ್ಯುಮಿನಿಯಂ, ಮ್ಯಾಂಗನೀಸುಗಳನ್ನೂ ಎಳೆದು ತರುತ್ತದೆ. ಮೀನಿನ ಕಿವಿರಿಗೆ ಅಲ್ಯುಮಿನಿಯಂ ವಿಷ. ಗಣಿ ನಡೆಯುತ್ತಿರುವಾಗ ಪಂಪು ನೀರನ್ನು ಎತ್ತುತ್ತಿರುತ್ತದೆ. ಗಣಿ ನಿಂತಾಗ ಪಂಪೂ ನಿಲ್ಲುತ್ತದೆ, ನೀರು ಏರಿ ಬಿಲಗಳನ್ನೆಲ್ಲ ತುಂಬಿ, ಗೋಡೆಗಳಲ್ಲಿ ಕೂತಿದ್ದ ಆಮ್ಲದ ಲವಣಗಳನ್ನು ತೊಳೆದುಕೊಂಡು ಹೊರಕ್ಕೆ ಬರುತ್ತದೆ. ಹೊಗೆ ಉಗುಳುವ ಕಾರ್ಖಾನೆಗೆ ಬೀಗ ಹಾಕಿದರೆ ಹೊಗೆ ನಿಲ್ಲುತ್ತದೆ. ಗಣಿಗೆ ಬೀಗ ಹಾಕಿದರೆ ನೀರು ಶುರುವಾಗುತ್ತದೆ. ಯೂರೋಪಿನಲ್ಲಿ ಶತಮಾನಗಳ ಹಿಂದೆ ಕೈಬಿಟ್ಟ ಗಣಿಗಳಿಂದ ಇಂದಿಗೂ ಆಮ್ಲ ಹರಿಯುತ್ತಿದೆ.

ಸಂಜೆ ದೊರ್ಬಾರಿನ ಮುಖ್ಯಸ್ಥರ, ಅಲ್ಲಿನ ಮಾತಿನಲ್ಲಿ ವಾಹೆ ಶ್ನೋಂಗರ, ಮನೆಯಲ್ಲಿ ಹಾಲಿಲ್ಲದ ಕೆಂಪು ಚಹಾ ಕುಡಿಯುತ್ತ ಕುಳಿತಾಗ ನಮ್ಮ ಪಟ್ಟಿಯ ಮೊದಲ ಸಾಲನ್ನು ಮತ್ತೆ ಎತ್ತಿದೆ. ಗಣಿಯ ಮಾಲೀಕ ಯಾರು? ಮೌನ. ನಿಜವಾಗಿ ಅದು ಯಾರಿಗೂ ತಿಳಿಯದ ಗುಟ್ಟಲ್ಲ. ಮೇಘಾಲಯದಲ್ಲಿ ಸಂವಿಧಾನದ ಆರನೇ ಅನುಸೂಚಿಯ ಆಡಳಿತವಿದೆ. ನೆಲ ಕುಟುಂಬಗಳದು, ಕುಲಗಳದು, ಸಮುದಾಯದ್ದು. ನೆಲದ ಕೆಳಗಿರುವುದೂ ಅವರದೇ ಎಂಬುದು ತಲೆಮಾರುಗಳ ನಂಬಿಕೆ. ನೆಲದೊಡೆಯ ಗುಂಡಿ ತೋಡುವ ಹಕ್ಕನ್ನು ಒಬ್ಬನಿಗೆ ಕೊಡುತ್ತಾನೆ, ಅವನು ಕೆಲಸವನ್ನು ಸರದಾರನೊಬ್ಬನಿಗೆ ವಹಿಸುತ್ತಾನೆ, ಸರದಾರ ಅಸ್ಸಾಮಿನಿಂದಲೋ ನೇಪಾಳದಿಂದಲೋ ಕೂಲಿಗಳನ್ನು ತರುತ್ತಾನೆ. ಕಾಗದ ಯಾವ ಹಂತದಲ್ಲೂ ಇಲ್ಲ. ಆ ಹಣದಿಂದ ಊರಿನ ಮನೆಗಳಿಗೆ ತಗಡಿನ ಬದಲು ತಾರಸಿ ಬಂದಿದೆ, ಮಕ್ಕಳು ಶಿಲ್ಲಾಂಗಿನಲ್ಲಿ ಓದಿದ್ದಾರೆ. ಗುಂಡಿಯ ಒಡೆಯ ದೊರ್ಬಾರಿನಲ್ಲಿ ಕುಳಿತ ಯಾರದೋ ಭಾವನಾಗಿರಬಹುದು, ಸೋದರಮಾವನಾಗಿರಬಹುದು. ದೂರದ ಊರಿನಿಂದ ಹೋದವನು ಇಲ್ಲೊಬ್ಬ ಖಳನಾಯಕನನ್ನು ಹುಡುಕುವುದು ಸುಲಭ, ಅದರಿಂದ ತೊರೆಗೆ ಉಪಯೋಗವಿಲ್ಲ.

ಮಾತಾಡಿದ್ದು ಚಹಾ ತಂದ ಹಿರಿಯ ಹೆಂಗಸು. ಎಲ್ಲರೂ ಆಕೆಯನ್ನು 'ಕಾಂಗ್' ಎಂದು ಕರೆಯುತ್ತಿದ್ದರು. ನಮ್ಮ 'ಅಕ್ಕ' ಎಂಬಂತೆ. ಆಕೆ ಮದುವೆಯಾಗಿ ಬಂದಾಗ ತೊರೆಯಲ್ಲಿ ಮೀನು ಹಿಡಿಯುತ್ತಿದ್ದರಂತೆ, ಗದ್ದೆಗೆ ಅದೇ ನೀರು. ಈಗ ಗದ್ದೆಯ ಅಂಚಿನಲ್ಲಿ ಪೈರು ಏಳುವುದಿಲ್ಲ, ಆ ನೀರಲ್ಲಿ ಒಗೆದರೆ ಬಟ್ಟೆ ಹಳದಿಯಾಗುತ್ತದೆ. ಕುಡಿಯುವ ನೀರಿಗೆ ಬೆಟ್ಟದ ಇನ್ನೊಂದು ಬದಿಯ ಒರತೆಗೆ ಹೋಗಬೇಕು. ಫೆಬ್ರವರಿ ಬಂದರೆ ಅದೂ ಬತ್ತುತ್ತದೆ, ಆಮೇಲೆ ಕೊಂಡು ಕುಡಿಯುವುದೇ. ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಚಿರಾಪುಂಜಿ, ಮಾಸಿನ್‌ರಾಮ್‌ಗಳು ಇದೇ ಬೆಟ್ಟಸಾಲಿನ ಪಶ್ಚಿಮದಲ್ಲಿವೆ. ಆಕೆ ನಮ್ಮನ್ನು ಕೇಳಿದ್ದು ಮಾಲೀಕನ ಹೆಸರನ್ನಲ್ಲ, ಈ ನೀರು ಎಷ್ಟು ವರ್ಷಕ್ಕೆ ಸರಿಹೋಗುತ್ತದೆ ಎಂದು. ತರುಣ ನನ್ನ ಮುಖ ನೋಡಿದ. ಕಾಯುತ್ತ ಕುಳಿತರೆ ಆಕೆಯ ಮೊಮ್ಮಕ್ಕಳ ಕಾಲಕ್ಕೂ ಸರಿಹೋಗುವುದಿಲ್ಲ ಎಂದು ಶಿಕ್ಷಕರ ಮೂಲಕ ಹೇಳಿಸಿದೆ. ಬೇರೆ ಉತ್ತರ ಕೊಡುವುದು ಅಪ್ರಾಮಾಣಿಕವಾಗುತ್ತಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಈ ಗಣಿಗಳ ವಿರುದ್ಧ ಕಾನೂನಿನ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಗಣಿಯ ಊರುಗಳಿಂದಲ್ಲ, ನದಿಯ ಕೆಳಗಿನವರಿಂದ. ಜೈಂತಿಯಾ ಬೆಟ್ಟಗಳಲ್ಲಿ ಹುಟ್ಟುವ ಕೋಪಿಲಿ ನದಿ ಅಸ್ಸಾಮಿನ ದಿಮಾ ಹಸಾವ್ ಜಿಲ್ಲೆಗೆ ಹರಿಯುತ್ತದೆ. ಅಲ್ಲಿ ಜಲವಿದ್ಯುತ್ ಯೋಜನೆಯಿದೆ. 2006-07ರ ಸುಮಾರಿಗೆ ಅಲ್ಲಿನ ಎಂಜಿನಿಯರುಗಳಿಗೆ ಟರ್ಬೈನು, ಕೊಳವೆ, ಕವಾಟಗಳು ಅಕಾಲದಲ್ಲಿ ಸವೆಯುತ್ತಿರುವುದು ಕಾಣಿಸಿತು. ಮೀನಿಗಾಗಿ ಯಾರೂ ಅಳದಿದ್ದರೂ ಯಂತ್ರಕ್ಕಾಗಿ ಅತ್ತರು ಎಂದರೆ ಕಟುವಾದೀತೇನೋ. ದಿಮಾಸಾ ವಿದ್ಯಾರ್ಥಿಗಳ ಸಂಘಟನೆಯೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರಿತ್ತಿತು. 2014ರ ಏಪ್ರಿಲ್ 17ರಂದು ನ್ಯಾಯಮಂಡಳಿ ಮೇಘಾಲಯದ ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿತು. ಆ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್‌ಗೂ ಹೆಚ್ಚು ಕಲ್ಲಿದ್ದಲು ಅಲ್ಲಿಂದ ಹೊರಬರುತ್ತಿತ್ತು. ಆಗಲೇ ತೆಗೆದು ರಾಶಿ ಹಾಕಿದ್ದನ್ನು ಸಾಗಿಸಲು ಮತ್ತೆ ಮತ್ತೆ ಗಡುವು ವಿಸ್ತರಣೆಯಾಯಿತು. ಹಳೆಯದರ ಹೆಸರಿನಲ್ಲಿ ಹೊಸದೂ ಸಾಗಿತೆಂಬ ದೂರು ನ್ಯಾಯಾಲಯಗಳವರೆಗೂ ಹೋಯಿತು. ಇತ್ತ ದಕ್ಷಿಣಕ್ಕೆ ಹರಿಯುವ ಲುಖಾ ನದಿ 2007ರ ಸುಮಾರಿನಿಂದ ಚಳಿಗಾಲ ಬಂತೆಂದರೆ ಗಾಢ ನೀಲಿ ಬಣ್ಣಕ್ಕೆ ತಿರುಗತೊಡಗಿತು, ಮೀನುಗಳು ತೇಲಿದವು. ಪ್ರವಾಸಿಗಳು ನಿಂತು ಚಿತ್ರ ತೆಗೆಯುವಷ್ಟು ಚೆಂದದ ನೀಲಿ ಅದು.

ನೀರಿನ ಈ ಕಥೆಯನ್ನು ಪರಿಸರದ ಕಥೆಯೆಂದು ಬದಿಗಿಡುವವರು 2018ರ ಡಿಸೆಂಬರ್ 13ನ್ನು ನೆನೆಯಬೇಕು. ಪೂರ್ವ ಜೈಂತಿಯಾದ ಕ್ಸಾನ್ ಎಂಬಲ್ಲಿ 370 ಅಡಿ ಆಳದ ಅಕ್ರಮ ಗಣಿಗೆ ನೀರು ನುಗ್ಗಿ ಹದಿನೈದು ಮಂದಿ ಒಳಗೇ ಉಳಿದರು. ಪಕ್ಕದ ಹಳೆಯ ಬಿಲದ ಗೋಡೆ ಒಡೆದಿರಬೇಕೆಂಬುದು ಅಂದಿನ ಅಂದಾಜು. ನೌಕಾಪಡೆಯ ಮುಳುಗುಗಾರರು ಬಂದರು, ಕೋಲ್ ಇಂಡಿಯಾದ ಪಂಪುಗಳು ಬಂದವು. ಎಷ್ಟು ಎತ್ತಿದರೂ ನೀರು ಇಳಿಯಲಿಲ್ಲ, ಏಕೆಂದರೆ ಎತ್ತುತ್ತಿದ್ದುದು ಒಂದು ಗುಂಡಿಯ ನೀರನ್ನಲ್ಲ. ಒಂದಕ್ಕೊಂದು ತೂತು ಬಿದ್ದ ಹತ್ತಾರು ಪಾಳು ಗಣಿಗಳ ನೀರನ್ನು. ತಿಂಗಳುಗಳ ಶೋಧದಲ್ಲಿ ಸಿಕ್ಕಿದ್ದು ಎರಡು ಶವ. ಅದಕ್ಕೂ ಮುನ್ನ, 2012ರ ಜುಲೈನಲ್ಲಿ, ದಕ್ಷಿಣ ಗಾರೋ ಬೆಟ್ಟದ ನಂಗಲ್‌ಬಿಬ್ರಾ ಬಳಿ ಹೀಗೇ ಹದಿನೈದು ಜನ ಹೋಗಿದ್ದರು. 2021ರ ಮೇ 30ರಂದು ಜೈಂತಿಯಾದ ಉಮ್‌ಪ್ಲೆಂಗ್‌ನಲ್ಲಿ ಐವರು ಸಿಲುಕಿದರು. 2025ರ ಜನವರಿ 6ರಂದು ಗಡಿಯಾಚೆ ಅಸ್ಸಾಮಿನ ಉಮ್ರಾಂಗ್ಸೊದಲ್ಲಿ ಒಂಬತ್ತು ಮಂದಿ. 1975ರ ಡಿಸೆಂಬರಿನಲ್ಲಿ ಚಾಸ್ನಾಲಾದಲ್ಲಿ 375 ಜನರನ್ನು ಕೊಂದದ್ದೂ ಗಣಿಯ ಮೇಲ್ಭಾಗದಲ್ಲಿ ನಿಂತಿದ್ದ ಹಳೆಯ ನೀರೇ. ಪಾಳು ಗಣಿಯ ನೀರು ಕಣಿವೆಯತ್ತ ದಾರಿ ಸಿಕ್ಕರೆ ಹೊಳೆಯನ್ನು ಕೊಲ್ಲುತ್ತದೆ, ಬಿಲದತ್ತ ಸಿಕ್ಕರೆ ಮನುಷ್ಯರನ್ನು.

ನಮ್ಮ ದೇಶದಲ್ಲಿ 1974ರಿಂದ ಜಲಮಾಲಿನ್ಯ ತಡೆ ಕಾಯ್ದೆಯಿದೆ. ಯಾವ ವ್ಯಕ್ತಿಯೂ ತಿಳಿದೂ ತಿಳಿದು ಹೊಳೆಗೆ ವಿಷ ಬಿಡಬಾರದು ಎಂದು ಅದು ಹೇಳುತ್ತದೆ. ಕಲ್ಲಿದ್ದಲು ಸಚಿವಾಲಯದ 2009ರ ಮಾರ್ಗಸೂಚಿ ಗಣಿ ತೆರೆಯುವಾಗಲೇ ಅದನ್ನು ಮುಚ್ಚುವ ಖರ್ಚಿಗೆ ಹಣ ತೆಗೆದಿಡಬೇಕೆನ್ನುತ್ತದೆ. ಎರಡೂ ಒಳ್ಳೆಯ ನಿಯಮಗಳೇ. ಆದರೆ ಎರಡಕ್ಕೂ ಎದುರಿಗೆ ಒಬ್ಬ ವ್ಯಕ್ತಿ ಬೇಕು. ನಾವು ನೋಡಿದ ತೂತಿನ ಬಳಿ ವ್ಯಕ್ತಿ ಇಲ್ಲ. ಅಲ್ಲಿ ಉಲ್ಲಂಘನೆಯಾಗಿದೆಯೆಂದು ಬರೆಯಬಹುದು, ಉಲ್ಲಂಘಿಸಿದವರು ಎಂಬ ಅಂಕಣವನ್ನು ತುಂಬಲಾಗದು.

ಅಮೆರಿಕ ಈ ಗಂಟನ್ನು 1977ರಲ್ಲಿ ಬೇರೆ ಬಗೆಯಲ್ಲಿ ಬಿಡಿಸಲು ಹೊರಟಿತು. ಹಳೆಯ ಪಾಪಿಗಳನ್ನು ಹುಡುಕುತ್ತ ಕೂರದೆ, ಇಂದು ತೆಗೆಯುವ ಪ್ರತಿ ಟನ್ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿ, ಆ ಹಣದಿಂದ ವಾರಸುದಾರರಿಲ್ಲದ ಹಳೆಯ ಗಣಿಗಳನ್ನು ಸರಿಪಡಿಸುವ ಕಾನೂನು ಮಾಡಿತು. ಅರ್ಧ ಶತಮಾನ ಸಮೀಪಿಸಿದರೂ ಅಲ್ಲಿ ಕೆಲಸ ಮುಗಿದಿಲ್ಲ. ನಮ್ಮಲ್ಲೂ ಅಂಥದ್ದರ ಒಂದು ಮೊಳಕೆಯಿದೆ ಎಂಬುದು ಹೆಚ್ಚು ಜನಕ್ಕೆ ತಿಳಿಯದು. ಸಾಗಿಸಿದ ಕಲ್ಲಿದ್ದಲಿನ ಬೆಲೆಯ ಶೇಕಡ 10ನ್ನು ಪರಿಸರ ಪುನಶ್ಚೇತನ ನಿಧಿಯೊಂದಕ್ಕೆ ಕಟ್ಟಿಸಿಕೊಳ್ಳುವಂತೆ 2015ರಲ್ಲಿ ನ್ಯಾಯಮಂಡಳಿ ಆದೇಶಿಸಿತು. ನೂರಾರು ಕೋಟಿ ರೂಪಾಯಿ ಸೇರಿತು. 2019ರ ಜನವರಿಯಲ್ಲಿ ಅದೇ ನ್ಯಾಯಮಂಡಳಿ ಅಕ್ರಮ ಗಣಿಗಳನ್ನು ತಡೆಯದ ರಾಜ್ಯ ಸರ್ಕಾರಕ್ಕೆ 100 ಕೋಟಿ ರೂಪಾಯಿ ವಿಧಿಸಿತು. ಆ ವರ್ಷದ ಜುಲೈ 3ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ಈ ನಿಧಿಯಿಂದಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಗಾಯಿಸಲು ಹೇಳಿತು. ಅಂದರೆ ಹಣವಿದೆ, ಹಣವನ್ನು ಖರ್ಚು ಮಾಡಲು ಹೇಳಿದ ಆದೇಶವಿದೆ. ನಾವು ಹೋದ ಕಣಿವೆಯಲ್ಲಿ ಮಾತ್ರ ಒಂದು ಬುಟ್ಟಿ ಸುಣ್ಣದಕಲ್ಲೂ ಬಿದ್ದಿರಲಿಲ್ಲ.

ಸುಣ್ಣದಕಲ್ಲಿನ ಮಾತೇಕೆಂದರೆ, ಔಷಧ ಅದೇ. ಆಮ್ಲದ ನೀರನ್ನು ಸುಣ್ಣದಕಲ್ಲು ಹಾಸಿದ ಕಾಲುವೆಯಲ್ಲಿ ಹರಿಸಿ, ಆಮೇಲೆ ಆಪು ಜೊಂಡು ಬೆಳೆಸಿದ ಕೃತಕ ಜೌಗಿನಲ್ಲಿ ನಿಲ್ಲಿಸಿದರೆ ಹುಳಿ ಇಳಿಯುತ್ತದೆ, ಕಬ್ಬಿಣ ತಳಕ್ಕೆ ಕೂರುತ್ತದೆ. ವಿದ್ಯುತ್ ಬೇಡ, ಯಂತ್ರ ಬೇಡ. ಇದನ್ನು ಜಾದೂ ಎಂದು ಯಾರೂ ತಿಳಿಯಬೇಕಿಲ್ಲ. ಕಬ್ಬಿಣದ ಕೆಸರು ಸುಣ್ಣದಕಲ್ಲಿನ ಮೇಲೆ ಕವಚದಂತೆ ಕೂತರೆ ಕಲ್ಲು ಕೆಲಸ ನಿಲ್ಲಿಸುತ್ತದೆ. ಕೆರೆದು ತೊಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಕೆಸರನ್ನು ಎತ್ತಿ ಸುರಕ್ಷಿತವಾಗಿ ಹಾಕಬೇಕು. ನೀರು ಹರಿಯುವಷ್ಟು ಕಾಲವೂ ಈ ಚಾಕರಿ ತಪ್ಪದು. ಕಟ್ಟುವುದಕ್ಕಿಂತ ನೋಡಿಕೊಳ್ಳುವುದಕ್ಕೆ ಜನ ಬೇಕು, ಸಂಬಳ ಬೇಕು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಬರುವುದು ಕಟ್ಟಿದವರದು ಮಾತ್ರವಾದ್ದರಿಂದ ಈ ಎರಡನೆಯ ಭಾಗ ನಮ್ಮ ದೇಶದಲ್ಲಿ ಸದಾ ಸೊರಗುತ್ತದೆ. ಸುಣ್ಣದಕಲ್ಲಿಗಂತೂ ಬರವಿಲ್ಲ. ಅದೇ ಜಿಲ್ಲೆಯ ಲುಮ್‌ಶ್ನೋಂಗ್ ಸುತ್ತ ಸಾಲುಸಾಲು ಸಿಮೆಂಟ್ ಕಾರ್ಖಾನೆಗಳಿರುವುದು ಅಲ್ಲಿನ ಬೆಟ್ಟಗಳೇ ಸುಣ್ಣದಕಲ್ಲಿನವು ಎಂಬ ಕಾರಣಕ್ಕೆ. ರೋಗ ಮತ್ತು ಮದ್ದು ಕೆಲವು ಮೈಲಿಗಳ ಅಂತರದಲ್ಲಿವೆ. ಲಾರಿಗಳೂ ಇವೆ, ಅವು ಇನ್ನೊಂದು ದಿಕ್ಕಿಗೆ ಹೋಗುತ್ತವೆ.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ನಮಗೇಕೆ ಈ ತಲೆನೋವು ಎನ್ನುವಂತಿಲ್ಲ. ರಾಯಚೂರು, ಬಳ್ಳಾರಿಗಳ ಸ್ಥಾವರಗಳು ಬೇರೆ ರಾಜ್ಯಗಳ ನೆಲ ಅಗೆದು ತಂದ ಕಲ್ಲಿದ್ದಲನ್ನೇ ಉರಿಸುತ್ತವೆ. ಮುಚ್ಚಿದ ಗಣಿಯೊಂದನ್ನು ಏನು ಮಾಡಬೇಕೆಂದು ತೋಚದೆ ಕೂರುವುದೂ ನಮಗೆ ಹೊಸತಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಾಗ ಪಂಪುಗಳೂ ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಸಯನೈಡ್ ಬಳಸಿ ಚಿನ್ನ ಸೋಸಿದ ಮಣ್ಣಿನ ಗುಡ್ಡಗಳು ಕೆಜಿಎಫ್‌ನ ಗಾಳಿಗೆ ಇಂದಿಗೂ ಧೂಳು ಎಬ್ಬಿಸುತ್ತಿವೆ.

ಜೈಂತಿಯಾದಲ್ಲಿ ಈಗ ಹೊಸ ಅಧ್ಯಾಯ ಶುರುವಾಗಿದೆ. 2019ರ ತೀರ್ಪು ಬುಡಕಟ್ಟು ಜನರ ಒಡೆತನವನ್ನು ಒಪ್ಪಿತು, ಜೊತೆಗೆ ಗಣಿ ಕಾಯ್ದೆಯ ಪ್ರಕಾರ ಗುತ್ತಿಗೆ, ಪರಿಸರ ಅನುಮತಿ ಪಡೆದೇ ಅಗೆಯಬೇಕೆಂದಿತು. ಅದರಂತೆ ವೈಜ್ಞಾನಿಕ ಗಣಿಗಾರಿಕೆ ಎಂಬ ಹೆಸರಿನಲ್ಲಿ ಮೊದಲ ಕಾನೂನುಬದ್ಧ ಗಣಿ 2025ರಲ್ಲಿ ಬಿಂಡಿಹಾಟಿಯಲ್ಲಿ ಆರಂಭವಾಯಿತು. ಇನ್ನಷ್ಟು ಅರ್ಜಿಗಳು ಸಾಲಿನಲ್ಲಿವೆ. ನಾನು ಇದನ್ನು ವಿರೋಧಿಸುವವನಲ್ಲ. ಕಾಗದವಿರುವ ಗಣಿಗೆ ಕನಿಷ್ಠ ಒಬ್ಬ ಮಾಲೀಕನಿರುತ್ತಾನೆ, ನೋಟಿಸು ಕೊಡಲು ಒಂದು ವಿಳಾಸವಿರುತ್ತದೆ. ಆದರೆ 2017ರ ಕಲ್ಲಿದ್ದಲು ಗಣಿ ನಿಯಮಾವಳಿಯ ಪ್ರಕಾರ ನೀರು ತುಂಬಿದ ಹಳೆಯ ಗಣಿಯ 60 ಮೀಟರ್ ಸಮೀಪಕ್ಕೆ ಹೊಸ ಗಣಿ ಅನುಮತಿಯಿಲ್ಲದೆ, ಮುನ್ನೆಚ್ಚರಿಕೆಯಿಲ್ಲದೆ ಹೋಗುವಂತಿಲ್ಲ. ಆ 60 ಮೀಟರನ್ನು ಎಲ್ಲಿಂದ ಅಳೆಯುವುದು? ಗುಂಡಿಗಳ ಬಾಯಿಗಳನ್ನು ಆಕಾಶದಿಂದ ಎಣಿಸಬಹುದು. ನೆಲದಡಿಯ ಬಿಲಗಳು ಯಾವ ದಿಕ್ಕಿಗೆ ಎಷ್ಟು ದೂರ ಹೋಗಿವೆ ಎಂಬುದನ್ನು ತೋಡಿದವರು ಯಾವ ಕಾಗದದ ಮೇಲೂ ಬರೆದಿಡಲಿಲ್ಲ. ಕ್ಸಾನ್‌ನಲ್ಲಿ ರಕ್ಷಣೆಗೆ ಹೋದವರ ಕೈಗೂ ನಕ್ಷೆ ಸಿಗಲಿಲ್ಲ.

ನಮ್ಮ ಭೂಮಾಪಕ ಹೊರಡುವ ಮುನ್ನ ಒಂದು ಕೆಲಸ ಮಾಡಿದ. ಆ ಗುಂಡಿಯಲ್ಲಿ ಹಿಂದೆ ದುಡಿದಿದ್ದ ಮುದುಕನೊಬ್ಬನನ್ನು ಶಿಕ್ಷಕರು ಕರೆತಂದಿದ್ದರು. ಅವನನ್ನು ಅಂಗಳದಲ್ಲಿ ಕೂರಿಸಿ, ಇಳಿದ ಮೇಲೆ ಎಡಕ್ಕೆ ಎಷ್ಟು ಗಾಡಿ ದೂರ, ಅಲ್ಲಿಂದ ಯಾವ ಕೈಗೆ ತಿರುಗುತ್ತಿದ್ದಿರಿ, ಗೋಡೆ ಎಲ್ಲಿ ಹಸಿಯಿತ್ತು ಎಂದು ಒಂದೊಂದಾಗಿ ಕೇಳಿ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಎರಡು ಗಂಟೆಯಾಯಿತು. ಮುದುಕ ಕಣ್ಣು ಮುಚ್ಚಿಕೊಂಡು, ಕೈಯಿಂದ ಗಾಳಿಯಲ್ಲಿ ದಾರಿ ತೋರುತ್ತ ಹೇಳುತ್ತಿದ್ದ. ಆ ಹಾಳೆಯನ್ನು ನಮ್ಮ ವರದಿಗೆ ಲಗತ್ತಿಸಿ ದೊರ್ಬಾರಿಗೆ ಕೊಟ್ಟಿದ್ದೇವೆ. ಅಂಥ ಮುದುಕರು ಪಕ್ಕದ ಹಳ್ಳಿಯಲ್ಲಿ ಇನ್ನೂ ಮೂವರಿದ್ದಾರಂತೆ.